ಅಗಸಿ ಹಿಂಡಿ ಮತ್ತು ಗಂಡಸರ ಪ್ರಾಸ್ಟೇಟ್ ಕ್ಯಾನ್ಸರ್



ಕಾಗಿಣಾ ದಂಡೆಯ ಯಾವ ಹಳ್ಳಿಗೆ ಹೋದರೂ ರಾತ್ರಿ ನಾಲ್ಕಾರು ಸಲ ಎದ್ದು ಹೊರಗೆ ಹೋಗುವ ಹಿರಿಯರಿದ್ದಾರೆ. ಮೂತ್ರ ಸರಾಗವಾಗಿ ಬರುವುದಿಲ್ಲ, ಬಂದರೂ ಪೂರ್ತಿ ಆದಂತಾಗುವುದಿಲ್ಲ. "ವಯಸ್ಸಾಯಿತು, ಇದ್ದದ್ದೇ" ಎಂದು ಸುಮ್ಮನಿರುತ್ತಾರೆ. ಮಗನಿಗೆ ಹೇಳಲು ನಾಚಿಕೆ, ಸೊಸೆಯ ಮುಂದಂತೂ ಮಾತೇ ಇಲ್ಲ. ಕೆಲವರು ಸಂತೆಯಲ್ಲಿ ಪುಡಿ ಮಾರುವವನ ಕೈಗೆ ತೊಗರಿ ಮಾರಿದ ದುಡ್ಡನ್ನು ಇಟ್ಟು ಬರುತ್ತಾರೆ.

ಈ ತೊಂದರೆಯ ಮೂಲ ಹೆಚ್ಚಾಗಿ ಪ್ರಾಸ್ಟೇಟ್ ಎಂಬ ಗ್ರಂಥಿಯಲ್ಲಿರುತ್ತದೆ. ಇದು ಗಂಡಸರಿಗೆ ಮಾತ್ರ ಇರುವಂಥದು. ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಕುಳಿತಿದೆ. ವಯಸ್ಸಾದಂತೆ ಅದು ಊದಿಕೊಂಡು ನಾಳವನ್ನು ಒತ್ತುತ್ತದೆ. ಹೀಗೆ ಊದುವುದೆಲ್ಲ ಕ್ಯಾನ್ಸರ್ ಅಲ್ಲ; ಬಹುಮಂದಿಗೆ ಅದು ಬರಿಯ ಊತವೇ. ಆದರೆ ಅದೇ ಗ್ರಂಥಿಯಲ್ಲಿ ಕ್ಯಾನ್ಸರ್, ಹಳಬರ ಮಾತಿನಲ್ಲಿ ಅರ್ಬುದ ರೋಗ, ಹುಟ್ಟುವುದೂ ಉಂಟು. ಅದು ಸಾಮಾನ್ಯವಾಗಿ ಗ್ರಂಥಿಯ ಹೊರಭಾಗದಲ್ಲಿ ಹುಟ್ಟುವುದರಿಂದ ಮೊದಮೊದಲು ಯಾವ ನೋವೂ ಕಾಣದು.

ಗಂಡಸಿನ ಮೈಯಲ್ಲಿ ಉತ್ಪತ್ತಿಯಾಗುವ ಟೆಸ್ಟೊಸ್ಟೆರಾನ್ ಎಂಬ ರಸವು ಈ ಕ್ಯಾನ್ಸರಿಗೆ ಪೈರಿಗೆ ನೀರಿದ್ದಂತೆ. ಇದನ್ನು 1941ರಲ್ಲಿ ಅಮೆರಿಕದ ಚಾರ್ಲ್ಸ್ ಹಗಿನ್ಸ್ ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅಂದಿನಿಂದ ಆಹಾರದಲ್ಲಿಯೇ ಈ ರಸದ ಕೆಲಸವನ್ನು ತಗ್ಗಿಸುವ ಪದಾರ್ಥ ಏನಾದರೂ ಇದೆಯೇ ಎಂಬ ಹುಡುಕಾಟ ನಡೆದಿದೆ.

ಹುಡುಕಿದವರ ಕಣ್ಣಿಗೆ ಬಿದ್ದವುಗಳಲ್ಲಿ ನಮ್ಮ ಅಗಸಿಯೂ ಒಂದು! ಅಗಸಿ ಕಾಳಿನಲ್ಲಿ ಲಿಗ್ನಾನ್ ಎಂಬ ಪದಾರ್ಥ ಬೇರೆ ಕಾಳುಗಳಿಗಿಂತ ಬಹಳ ಹೆಚ್ಚಾಗಿದೆ. ಅದನ್ನು ತಿಂದಾಗ ಕರುಳಿನಲ್ಲಿರುವ ಸೂಕ್ಷ್ಮ ಜೀವಿಗಳು ಅದನ್ನು ಮಾರ್ಪಡಿಸುತ್ತವೆ. ಆಗ ಅದಕ್ಕೆ ಹೆಂಗಸರ ಹಾರ್ಮೋನಿನ ಮಂದವಾದ ಹೋಲಿಕೆ ಬರುತ್ತದೆ. ಸೋಯಾ ಅವರೆಯಲ್ಲಿ ಹೆಚ್ಚಾಗಿಯೂ ಕಡಲೆಯಲ್ಲಿ ಸ್ವಲ್ಪವಾಗಿಯೂ ಇರುವ ಐಸೊಫ್ಲೇವೊನುಗಳೂ ಇದೇ ಬಗೆಯವು. ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಕ್ರಿಯೆಗೆ ಕಾದಿದ್ದ 161 ಮಂದಿಯ ಮೇಲೆ ಪ್ರಯೋಗ ನಡೆಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಒಂದು ತಿಂಗಳು ದಿನಕ್ಕೆ 30 ಗ್ರಾಂ ಅಗಸಿ ಪುಡಿ ತಿಂದವರಲ್ಲಿ, ತಿನ್ನದವರಿಗಿಂತ ಕ್ಯಾನ್ಸರ್ ಕೋಶಗಳು ನಿಧಾನವಾಗಿ ಬೆಳೆದಿದ್ದವು.

ಇಷ್ಟರಿಂದಲೇ ಅಗಸಿ ತಿಂದವರಿಗೆ ಈ ರೋಗ ಬಾರದು ಎಂದು ತಿಳಿಯಬಾರದು. ಅದನ್ನು ಯಾರೂ ಸಾಧಿಸಿ ತೋರಿಸಿಲ್ಲ. ಬಂದ ರೋಗವನ್ನು ಅದು ಗುಣಪಡಿಸಲಾರದು. ಆದರೆ ನಮ್ಮ ಅಡಿಗೆಮನೆಯ ಹಿಂಡಿಯಲ್ಲಿ ಒಂದು ಜಾಣತನವಿದೆ. ಇಡೀ ಕಾಳನ್ನು ನುಂಗಿದರೆ ಅದು ಹಾಗೆಯೇ ಹೊರಬೀಳುತ್ತದೆ. ಹುರಿದು, ಒಣ ಮೆಣಸಿನಕಾಯಿ ಬೆಳ್ಳುಳ್ಳಿ ಸೇರಿಸಿ ಕುಟ್ಟಿದಾಗ ಮಾತ್ರ ಒಳಗಿನ ಸತ್ವ ಮೈಗೆ ಹತ್ತುತ್ತದೆ. ಗಾಣದ ಅಗಸಿ ಎಣ್ಣೆಯಲ್ಲಿ ಲಿಗ್ನಾನ್ ಉಳಿಯುವುದಿಲ್ಲ. ಪುಡಿ ಬೇಗ ಕಮಟುವುದರಿಂದ ವಾರಕ್ಕಾಗುವಷ್ಟೇ ಕುಟ್ಟಿಕೊಳ್ಳುವುದು ಮೇಲು. ತಿಂದ ಮೇಲೆ ನೀರು ಚೆನ್ನಾಗಿ ಕುಡಿಯಬೇಕು. ರಕ್ತ ತೆಳುವಾಗುವ ಗುಳಿಗೆ ನುಂಗುವವರು ವೈದ್ಯರನ್ನು ಕೇಳಿಯೇ ತಿನ್ನಲಿ. ಹಿಂದೆ ಕಡಲೆ, ಜೋಳದ ಹೊಲಗಳಲ್ಲಿ ಅಗಸಿಯ ಸಾಲು ಹಾಕುತ್ತಿದ್ದರು. ಈಗ ಎತ್ತ ನೋಡಿದರೂ ತೊಗರಿ. ಮನೆಮಟ್ಟಿಗಾದರೂ ನಾಲ್ಕು ಸಾಲು ಹಾಕಿದರೆ ನಷ್ಟವೇನೂ ಇಲ್ಲ.

ಟೊಮ್ಯಾಟೊ ಹಣ್ಣಿನ ಕೆಂಪು ಬಣ್ಣಕ್ಕೆ ಕಾರಣವಾದ ಲೈಕೊಪೀನ್ ಕೂಡ ಹೆಸರಾದುದೇ. ಹಸಿಯಾಗಿ ತಿನ್ನುವುದಕ್ಕಿಂತ ಎಣ್ಣೆಯಲ್ಲಿ ಬೇಯಿಸಿದರೆ ಅದು ಚೆನ್ನಾಗಿ ಮೈಗೂಡುತ್ತದೆ. 1995ರಲ್ಲಿ ಹಾರ್ವರ್ಡ್ ಸಂಶೋಧಕರು ಟೊಮ್ಯಾಟೊ ಹೆಚ್ಚಾಗಿ ತಿನ್ನುವವರಲ್ಲಿ ಈ ರೋಗ ಕಡಿಮೆ ಎಂದು ಕಂಡರು; ಆಮೇಲಿನ ಪರಿಶೀಲನೆಗಳೆಲ್ಲ ಒಂದೇ ಮಾತು ಹೇಳಲಿಲ್ಲ.

ಹಾಗಾದರೆ ಸತ್ವವನ್ನೇ ತೆಗೆದು ಗುಳಿಗೆ ಮಾಡಿ ನುಂಗಿದರೆ ಆಗದೇ? 2001ರಲ್ಲಿ ಅಮೆರಿಕ, ಕೆನಡಾಗಳಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ಇಂಥದೊಂದು ಪರೀಕ್ಷೆ ಶುರುವಾಯಿತು. ಕೆಲವರಿಗೆ ಎಣ್ಣೆಕಾಳುಗಳಲ್ಲಿ ಸಹಜವಾಗಿರುವ ಇ ಜೀವಸತ್ವವನ್ನು, ಕೆಲವರಿಗೆ ಸೆಲೆನಿಯಮ್ಮನ್ನು, ಕೆಲವರಿಗೆ ಎರಡನ್ನೂ, ಉಳಿದವರಿಗೆ ಹುಸಿ ಗುಳಿಗೆಯನ್ನು ಕೊಟ್ಟರು. ಪ್ರಯೋಜನ ಕಾಣದೆ 2008ರಲ್ಲಿ ಗುಳಿಗೆ ನಿಲ್ಲಿಸಿದರು. 2011ರಲ್ಲಿ ಲೆಕ್ಕ ಹಾಕಿದಾಗ, ಇ ಜೀವಸತ್ವ ಮಾತ್ರ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ನೂರಕ್ಕೆ 17ರಷ್ಟು ಹೆಚ್ಚಾಗಿತ್ತು! ಕಾಯಲು ಬಂದದ್ದೇ ಹೊಲ ಮೇಯ್ದಂತಾಯಿತು. ಸಂತೆಯ ಪುಡಿಯಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಮಾರುವವನೂ ಹೇಳಲಾರ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಮೂಲಂಗಿ, ಅಗಸಿ ಹಿಂಡಿ ಇವುಗಳ ಊಟವನ್ನು ಬಿಟ್ಟು ಅದಕ್ಕೆ ದುಡ್ಡು ಸುರಿಯುವುದು ನನಗಂತೂ ಸರಿಕಾಣದು.

ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದರೆ, ಸೊಂಟದ ಎಲುಬಿನಲ್ಲಿ ಬಿಡದ ನೋವಿದ್ದರೆ ಯಾವ ಹಿಂಡಿಯನ್ನೂ ನೆಚ್ಚಿ ಕೂಡಬಾರದು. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಎರಡರಷ್ಟು. ಅಂಥವರು ತೊಂದರೆ ಇಲ್ಲದಿದ್ದರೂ ನಲವತ್ತೈದರ ಸುಮಾರಿಗೆ ವೈದ್ಯರೊಡನೆ ಮಾತನಾಡುವುದು ಒಳಿತು. ಪಿಎಸ್‌ಎ ಎಂಬ ರಕ್ತಪರೀಕ್ಷೆಯಿದೆ. ಬರಿಯ ಊತದಿಂದಲೂ ಅದರ ಅಂಕಿ ಏರುವುದುಂಟಾದ್ದರಿಂದ ಅಂಕಿ ನೋಡಿಯೇ ಎದೆಗೆಡಬೇಕಿಲ್ಲ.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದದವರಿಗೆ ರೈಲು ಉಂಟು. ಚಿಂಚೋಳಿಯವರು ಬಸ್ಸು ಹಿಡಿಯಬೇಕು. ಮುದುಕರನ್ನು ಒಬ್ಬರನ್ನೇ ಕಳಿಸದೆ ಮಗನೋ ಮೊಮ್ಮಗನೋ ಜೊತೆಗೆ ಹೋಗಲಿ. ವೈದ್ಯರ ಮುಂದೆ ಅವರು ಹೇಳಲು ಅಂಜುವ ಮಾತನ್ನು ಇವನು ಹೇಳಲು ಬರುತ್ತದೆ.