ಅಜ್ಜಿ ಮನೆ ಒಲೆ ಮತ್ತು ಟಾಟಾ ಇನ್‌ಸ್ಟಿಟ್ಯೂಟ್

ಹೋದ ವರ್ಷ ಐಐಎಸ್‌ಸಿ ಓಪನ್ ಡೇಗೆ ನಾವು ನಾಲ್ಕು ಜನ ಹೋಗಿದ್ವಿ. ಯಶವಂತಪುರದಲ್ಲಿ ಆಟೋದವರಿಗೆ ಐಐಎಸ್‌ಸಿ ಅಂದ್ರೆ ಅರ್ಥವೇ ಆಗಲಿಲ್ಲ. ಮ್ಯಾಪ್ ತೋರಿಸಿದ ಮೇಲೆ, "ಟಾಟಾ ಇನ್‌ಸ್ಟಿಟ್ಯೂಟ್ ಅನ್ನಿ ಮತ್ತೆ" ಅಂತ ಮೀಟರ್ ಹಾಕಿದರು. ಜೆಮ್‌ಶೆಡ್‌ಜಿ ಟಾಟಾ ಕನಸು ಕಂಡು, ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟು, 1909ರಲ್ಲಿ ಶುರುವಾದ ಸಂಸ್ಥೆ ಅದು. ನೂರು ವರ್ಷದ ಮೇಲಾದರೂ ಹಳೇ ಬೆಂಗಳೂರಿನವರ ಬಾಯಲ್ಲಿ ಇನ್ನೂ ಟಾಟಾ ಇನ್‌ಸ್ಟಿಟ್ಯೂಟೇ.

ನನ್ನ ಸ್ನೇಹಿತರು ಸೀದಾ ರೋಬೋ ನೋಡೋ ಕ್ಯೂಗೆ ಹೋದರು. ಕ್ಯೂ ಮರದ ನೆರಳು ದಾಟಿ ರಸ್ತೆವರೆಗೂ ಬಂದಿತ್ತು. ನನಗೆ ನಿಲ್ಲೋ ತಾಳ್ಮೆ ಇರಲಿಲ್ಲ, ಸುಮ್ಮನೆ ಸುತ್ತೋಕೆ ಹೊರಟೆ. ನಿಜ ಹೇಳಬೇಕು ಅಂದ್ರೆ ಆವತ್ತು ಮನಸ್ಸೂ ಸರಿ ಇರಲಿಲ್ಲ. ಸಿಇಟಿ ರ‍್ಯಾಂಕಿಗೆ ನನಗೆ ಸಿಕ್ಕಿದ್ದು ಮೆಕ್ಯಾನಿಕಲ್. ಮನೆಗೆ ಬಂದವರೆಲ್ಲ "ಅಯ್ಯೋ, ಸಿಎಸ್ ಸಿಗಲಿಲ್ವಾ" ಅಂತ ಕೇಳಿ ಕೇಳಿ, ಬ್ರಾಂಚ್ ಅಂದ್ರೆ ಒಂದು ಸಲ ಬಾಗಿಲು ಹಾಕಿದರೆ ಮತ್ತೆ ತೆಗೆಯೋಕಾಗದ ರೂಮು ಅಂತ ನಾನೂ ನಂಬಿಬಿಟ್ಟಿದ್ದೆ.

ಸುತ್ತುತ್ತಾ ಒಂದು ಪೋಸ್ಟರ್ ಮುಂದೆ ನಿಂತುಬಿಟ್ಟೆ. ಅದರಲ್ಲಿದ್ದದ್ದು ನಮ್ಮ ಅಜ್ಜಿ ಮನೆ ಒಲೆ!

ತುಮಕೂರು ಜಿಲ್ಲೆಯ ನಮ್ಮೂರಲ್ಲಿ ಅಜ್ಜಿ ಅದನ್ನ "ಅಸ್ತ್ರ ಒಲೆ" ಅಂತ ಕರೀತಾರೆ. ಚಿಕ್ಕವನಿದ್ದಾಗ ಬ್ರಹ್ಮಾಸ್ತ್ರ, ಆಗ್ನೇಯಾಸ್ತ್ರ ಥರ ಬೆಂಕಿಗೆ ಸಂಬಂಧಪಟ್ಟ ಹೆಸರು ಅಂದುಕೊಂಡಿದ್ದೆ. ಹೆಸರಿನ ಮೂಲವೇ ಬೇರೆ. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ತಂತ್ರಜ್ಞಾನ ಅನ್ವಯಿಸೋದು ಅನ್ನೋ ಅರ್ಥದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನ ಸೇರಿಸಿದರೆ 'ಅಸ್ತ್ರ' ಆಗುತ್ತೆ. 1974ರಲ್ಲಿ ಐಐಎಸ್‌ಸಿ ಒಳಗೇ ಶುರುವಾದ ಗುಂಪು ಇದು. ಶುರು ಮಾಡಿದವರು ಅಮೂಲ್ಯ ರೆಡ್ಡಿ. ಇವರ ಬ್ರಾಂಚ್ ಯಾವುದು ಗೊತ್ತಾ? ಎಲೆಕ್ಟ್ರೋಕೆಮಿಸ್ಟ್ರಿ. ಬೋಕ್ರಿಸ್ ಅನ್ನೋರ ಜೊತೆ ಇವರು ಬರೆದ ಪುಸ್ತಕವನ್ನ ಆ ವಿಷಯ ಓದೋರು ಇವತ್ತಿಗೂ ಹುಡುಕ್ತಾರೆ. ಅಷ್ಟು ಹೆಸರು ಮಾಡಿದ ಮೇಲೆ ಆ ಮನುಷ್ಯ ಸೌದೆ, ಸಗಣಿ, ನೀರು ಅಂತ ಕುಣಿಗಲ್ ತಾಲ್ಲೂಕಿನ ಉಂಗ್ರ ಹಳ್ಳಿ ಕಡೆ ತಿರುಗಿದರು.

ಒಲೆಯಲ್ಲಿ ಏನು ದೊಡ್ಡ ಸಂಶೋಧನೆ ಅಂತೀರಾ? ನನಗೂ ಹಾಗೇ ಅನ್ನಿಸಿತ್ತು. ಮೂರು ಕಲ್ಲಿನ ಒಲೆಯಲ್ಲಿ ಬೆಂಕಿ ಸುತ್ತ ಬಯಲು. ಶಾಖದ ಬಹುಪಾಲು ಪಾತ್ರೆಗೆ ಹೋಗದೆ ಗಾಳಿಗೆ ಹೋಗುತ್ತೆ, ಹೊಗೆ ಕಣ್ಣಿಗೆ ಬರುತ್ತೆ. ಗಾಳಿ ಕಮ್ಮಿಯಾದರೆ ಸೌದೆ ಪೂರ್ತಿ ಉರಿಯದೆ ಹೊಗೆ. ಜಾಸ್ತಿಯಾದರೆ ಆ ಗಾಳಿಯನ್ನ ಬಿಸಿ ಮಾಡೋದಕ್ಕೇ ಶಾಖ ಖರ್ಚು. ಅಸ್ತ್ರ ಒಲೆಯಲ್ಲಿ ಬೆಂಕಿಯ ಗೂಡು ಮುಚ್ಚಿರುತ್ತೆ. ಸೌದೆ ಒಂದು ಜಾಲರಿ ಮೇಲೆ ಉರಿಯುತ್ತೆ, ಕೆಳಗಿಂದ ಗಾಳಿ ಬರುತ್ತೆ. ಬಿಸಿ ಗಾಳಿ ಮೊದಲ ಪಾತ್ರೆಯ ಕೆಳಗೆ ಹಾದು, ಅಲ್ಲಿಂದ ಎರಡನೇದು, ಮೂರನೇದು, ಆಮೇಲೆ ಚಿಮಣಿ. ಅನ್ನ, ಸಾರು, ಬಿಸಿನೀರು ಮೂರಕ್ಕೂ ಒಂದೇ ಬೆಂಕಿ. ಚಿಮಣಿಯ ಎತ್ತರ, ಪಾತ್ರೆ ಕೆಳಗಿನ ಸಂದು, ಜಾಲರಿಯ ಅಳತೆ ಒಂದಕ್ಕೊಂದು ಹೊಂದಲಿಲ್ಲ ಅಂದ್ರೆ ಎಲ್ಲ ಕೆಡುತ್ತೆ. ಇದು ಥರ್ಮೋಡೈನಮಿಕ್ಸು, ಹೀಟ್ ಟ್ರಾನ್ಸ್‌ಫರ್ರು. ನಾನು ಇಂಟರ್ನಲ್ಸ್‌ಗೆ ಅಂತ ಬೈಹಾರ್ಟ್ ಮಾಡಿ ಮರೆತ ವಿಷಯ. ಈ ಒಲೆಯ ಕೆಲಸದಲ್ಲಿದ್ದ ಕೆ.ಎಸ್. ಜಗದೀಶ್ ಸಿವಿಲ್ ಪ್ರೊಫೆಸರ್. ಒತ್ತಿದ ಮಣ್ಣಿನ ಇಟ್ಟಿಗೆಯಿಂದ ಮನೆ ಕಟ್ಟೋದಕ್ಕೆ ಹೆಸರಾದವರು.

ಎಲ್ಲಾ ಅವರು ಅಂದುಕೊಂಡ ಹಾಗೇ ಆಯ್ತು ಅಂತಲೂ ಅಲ್ಲ. ಉಂಗ್ರ ಹತ್ತಿರದ ಪುರ ಅನ್ನೋ ಹಳ್ಳಿಯಲ್ಲಿ ಸಗಣಿಯಿಂದ ಗ್ಯಾಸ್ ಮಾಡಿ ಇಡೀ ಊರಿಗೆ ಅಡುಗೆಗೆ ಕೊಡಬೇಕು ಅಂತ ಹೊರಟರು. ಊರಿನ ಅಷ್ಟೂ ದನಗಳ ಸಗಣಿ ಅಡುಗೆಗೆ ಸಾಲಲಿಲ್ಲ, ಯೋಜನೆ ಬಿದ್ದುಹೋಯಿತು. ಆಮೇಲೆ 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, ಮನೆಗಳಿಗೆ ದೀಪ ಮತ್ತು ಕೊಳವೆಬಾವಿಯ ನೀರು ಕೊಟ್ಟರು. ಅದು ನಡೀತು. ಸಗಣಿ ತಂದುಕೊಟ್ಟವರಿಗೆ ಗೊಬ್ಬರ ವಾಪಸ್. ಜನಕ್ಕೆ ಮೊದಲು ಬೇಕಿದ್ದದ್ದು ಕುಡಿಯೋ ನೀರು ಅನ್ನೋದು ಲ್ಯಾಬಲ್ಲಿ ಕೂತು ಗೊತ್ತಾಗೋ ವಿಷಯ ಅಲ್ವಲ್ಲ.

ಆವತ್ತು ಮನೆಗೆ ಬಂದು ಓದೋಕೆ ಶುರು ಮಾಡಿದೆ. ಅದೇ ಕಾಂಪೌಂಡಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಎಷ್ಟೊಂದು ಕೆಲಸ! ಮೊದಲನೇ ಮಹಾಯುದ್ಧದಲ್ಲಿ ಮೈಸೂರಿನ ಶ್ರೀಗಂಧ ಯೂರೋಪಿಗೆ ಹೋಗೋದು ನಿಂತಾಗ, ಇಲ್ಲೇ ಎಣ್ಣೆ ತೆಗೆಯೋದು ಹೇಗೆ ಅಂತ ಪ್ರಯೋಗ ಮಾಡಿದ್ದು ಇಲ್ಲಿನ ಕೆಮಿಸ್ಟ್ರಿಯವರು. ಎಣ್ಣೆ ಕಾರ್ಖಾನೆ ಬಂತು, ಹಿಂದೆಯೇ ಮೈಸೂರು ಸ್ಯಾಂಡಲ್ ಸೋಪು. 1933ರಲ್ಲಿ ಸಿ.ವಿ. ರಾಮನ್ ನಿರ್ದೇಶಕರಾಗಿ ಬಂದ ಮೇಲೆ ಫಿಸಿಕ್ಸ್ ವಿಭಾಗ. 1942ರಲ್ಲಿ ವಿಮಾನದ ಎಂಜಿನಿಯರಿಂಗ್. ಬಂಡೀಪುರದ ಪಕ್ಕದ ಮುದುಮಲೈ ಕಾಡಲ್ಲಿ 50 ಹೆಕ್ಟೇರ್ ಗುರುತು ಮಾಡಿ, 1988ರಿಂದ ಅಲ್ಲಿನ ಮರಗಳಿಗೆ ನಂಬರ್ ಹಾಕಿ, ಯಾವುದು ಬೆಳೀತು, ಯಾವುದನ್ನ ಆನೆ ಮುರೀತು ಅಂತ ಲೆಕ್ಕ ಇಡ್ತಿದ್ದಾರೆ. ಇಷ್ಟಿದ್ದರೂ ಸಾಹಿತ್ಯದ ವಿಭಾಗ ಇಲ್ಲ ನೋಡಿ. ಕನ್ನಡದ ಸಂಶೋಧನೆಗೆ ಬೇರೆ ಕಡೆ ಹೋಗಬೇಕು.

ನನಗೆ ಬಹಳ ಹಿಡಿಸಿದ್ದು ಕಣಜದ ಹುಳದ ಕಥೆ. ರಾಘವೇಂದ್ರ ಗದಗ್‌ಕರ್ ಇಲ್ಲಿ ಪಿಎಚ್‌ಡಿ ಮಾಡಿದ್ದು ಮಾಲಿಕ್ಯುಲರ್ ಬಯಾಲಜಿಯಲ್ಲಿ. ಬಿಡುವಲ್ಲಿ ನೋಡ್ತಾ ಇದ್ದದ್ದು ಕಟ್ಟಡಗಳಲ್ಲಿ ಗೂಡು ಕಟ್ಟೋ ಕಣಜಗಳನ್ನ. ಆ ಹವ್ಯಾಸವೇ ಜೀವನದ ಕೆಲಸ ಆಯ್ತು. ರೋಪಲಿಡಿಯಾ ಮಾರ್ಜಿನೇಟಾ ಅನ್ನೋ ಈ ಜಾತಿಯಲ್ಲಿ ರಾಣಿ ಜೋರು ಮಾಡೋದೇ ಇಲ್ಲ, ಪಾಪದವಳ ಥರ ಇರ್ತಾಳೆ. ಆದರೆ ಮೊಟ್ಟೆ ಇಡೋದು ಅವಳೊಬ್ಬಳೇ. ಅವಳನ್ನ ಗೂಡಿಂದ ತೆಗೆದರೆ ಸ್ವಲ್ಪ ಹೊತ್ತಲ್ಲೇ ಕೆಲಸಗಾರ್ತಿಯರಲ್ಲಿ ಒಬ್ಬಳು ಎಲ್ಲರ ಮೇಲೆ ರೇಗಾಡೋಕೆ ಶುರು ಮಾಡ್ತಾಳೆ. ಮುಂದಿನ ರಾಣಿ ಅವಳೇ. ರಾಣಿ ಇರುವಾಗ ಆ ಉತ್ತರಾಧಿಕಾರಿ ಯಾರು ಅಂತ ಸಂಶೋಧಕರಿಗೆ ಹೇಳೋಕಾಗಲ್ಲ. ಕಣಜಗಳಿಗೆ ಮಾತ್ರ ಗೊತ್ತಿರುತ್ತೆ! ಅದನ್ನ ತೋರಿಸಿದ್ದು ಗೂಡನ್ನ ಎರಡು ಭಾಗ ಮಾಡಿ, ಮಧ್ಯೆ ತಂತಿ ಜಾಲರಿ ಹಾಕಿ, ರಾಣಿಯನ್ನ ಈ ಕಡೆಯಿಂದ ಆ ಕಡೆಗೆ ಬಿಟ್ಟು. ಒಂದೊಂದು ಹುಳಕ್ಕೂ ಬಣ್ಣದ ಚುಕ್ಕೆ ಇಟ್ಟು ಗಂಟೆಗಟ್ಟಲೆ ಕೂತು ನೋಡಬೇಕು. ಕೋಟಿಗಟ್ಟಲೆ ಬೆಲೆಯ ಮಷಿನ್ ಬೇಡ.

ಇದರಿಂದ ಏನು ಉಪಯೋಗ ಅಂತ ನಮ್ಮಪ್ಪ ಕೇಳಿದರು. ಒಲೆಗಾದರೆ ನನ್ನ ಹತ್ತಿರ ಉತ್ತರ ಇತ್ತು, ಕಣಜಕ್ಕೆ ಇರಲಿಲ್ಲ. ಆಮೇಲೆ ಯೋಚಿಸಿದರೆ, ರೆಡ್ಡಿ ಒಲೆ ಕಡೆ ತಿರುಗಿದ್ದೂ ಗದಗ್‌ಕರ್ ಕಣಜದ ಕಡೆ ತಿರುಗಿದ್ದೂ ಒಂದೇ ಥರ. ಇಬ್ಬರೂ ತಾವು ಓದಿದ್ದನ್ನ ಬಿಟ್ಟು ಪಕ್ಕದ ಬಾಗಿಲಿಗೆ ಹೋದರು, ಇಬ್ಬರನ್ನೂ ಅದೇ ಸಂಸ್ಥೆ ಹೋಗೋಕೆ ಬಿಟ್ಟಿತು. ಉಪಯೋಗ ಏನು ಅಂತ ಮೊದಲೇ ಕೇಳೋ ಜಾಗದಲ್ಲಿ ಕಣಜವೂ ಇರ್ತಿರಲಿಲ್ಲ, ಬಹುಶಃ ಒಲೆಯೂ ಇರ್ತಿರಲಿಲ್ಲ. 1974ರಲ್ಲಿ ದೊಡ್ಡ ವಿಜ್ಞಾನಿಗಳಿಗೆ ಒಲೆ ಅನ್ನೋದು ಒಂದು ವಿಷಯ ಅಂತ ಅನ್ನಿಸಿರುತ್ತಾ? ನನಗಂತೂ ಅನುಮಾನ. ನಮ್ಮ ಕಾಲೇಜಿನಲ್ಲಿ ಮಿನಿ ಪ್ರಾಜೆಕ್ಟಿಗೆ ಬೇರೆ ಬ್ರಾಂಚಿನವರನ್ನ ಸೇರಿಸಿಕೊಳ್ಳೋಕೆ ಎಷ್ಟು ಸಹಿ ಬೇಕು ಅಂತ ನಿಮಗೇ ಗೊತ್ತು.

ಯುಗಾದಿಗೆ ಊರಿಗೆ ಹೋದಾಗ ಅಜ್ಜಿಗೆ ಇದನ್ನೆಲ್ಲ ಹೇಳಿದೆ, ಒಲೆ ಮಾಡಿದ್ದು ಬೆಂಗಳೂರಿನ ದೊಡ್ಡ ವಿಜ್ಞಾನಿಗಳು ಅಂತ. ಅಜ್ಜಿ ತಲೆ ಎತ್ತದೆ ಮುದ್ದೆ ತೊಳೆಸುತ್ತಾ, "ಮೂರನೇ ಪಾತ್ರೆ ಬೇಗ ಕಾಯಲ್ಲ ಕಣಪ್ಪ, ನೀರಿಗೆ ಮಾತ್ರ ಸರಿ. ಅವರಿಗೆ ಹೇಳು" ಅಂದರು. ಚಿಮಣಿ ಒಳಗೆ ಮಸಿ ಕಟ್ಟಿತ್ತು, ಗೋಣಿಚೀಲದ ತುಂಡನ್ನ ಕೋಲಿಗೆ ಸುತ್ತಿ ನಾನೇ ಕ್ಲೀನ್ ಮಾಡಿದೆ. ಮೂರನೇ ಪಾತ್ರೆ ವಿಷಯ ನೋಟ್‌ಬುಕ್ಕಲ್ಲಿ ಬರೆದುಕೊಂಡಿದ್ದೀನಿ. ಐದನೇ ಸೆಮ್ ಪ್ರಾಜೆಕ್ಟಿಗೆ ಒಬ್ಬ ಸಿವಿಲ್‌ನವರು, ಒಬ್ಬ ಕೆಮಿಕಲ್‌ನವರು ಬೇಕಾಗಿದ್ದಾರೆ. ಸಹಿಗಳನ್ನ ನಾನು ಹಾಕಿಸ್ಕೋತೀನಿ.