ಒಡೆಯನಿಗೆ ಅಪ್ರಿಯವನ್ನು ನುಡಿದ ರಾಯಭಾರಿ

ತನ್ನ ಒಡೆಯನ ಮಾತನ್ನು ಪರರಿಗೆ ತಲಪಿಸುವವನೇ ದೂತನೆಂದು ಸಾಮಾನ್ಯವಾದ ತಿಳಿವಳಿಕೆ. ಆದರೆ ಮಹಾಭಾರತದ ಸಂಜಯನನ್ನು ನೆನೆಯಿರಿ. ಪಾಂಡವರಲ್ಲಿಗೆ ಹೋಗಿಬಂದ ಆತನು ತನ್ನ ಅರಸನಾದ ಧೃತರಾಷ್ಟ್ರನಿಗೇ ಅಪ್ರಿಯವಾದ ಸತ್ಯವನ್ನು ಹೇಳಿದನು. ದೌತ್ಯದ ಈ ಎರಡನೆಯ ಧರ್ಮವೇ ಹೆಚ್ಚು ಕಠಿನವಾದುದು. ನಮ್ಮ ದೆಹಲಿಯಲ್ಲಿದ್ದುಕೊಂಡೇ ಅದನ್ನು ಪಾಲಿಸಿದವರು ಅಮೆರಿಕದ ಕೆನೆತ್ ಕೀಟಿಂಗ್.

1900ರಲ್ಲಿ ನ್ಯೂಯಾರ್ಕ್ ರಾಜ್ಯದ ಲೈಮಾ ಎಂಬ ಊರಿನಲ್ಲಿ ಜನಿಸಿದ ಕೀಟಿಂಗರು ವೃತ್ತಿಯಿಂದ ವಕೀಲರು, ರಿಪಬ್ಲಿಕನ್ ಪಕ್ಷದವರು. 1947ರಿಂದ 12 ವರ್ಷ ಪ್ರತಿನಿಧಿ ಸಭೆಯಲ್ಲಿಯೂ ಅನಂತರ 6 ವರ್ಷ ಸೆನೆಟ್ಟಿನಲ್ಲಿಯೂ ಸದಸ್ಯರಾಗಿದ್ದರು. 1962ರಲ್ಲಿ ಕ್ಯೂಬಾದೊಳಗೆ ಸೋವಿಯೆತ್ ಕ್ಷಿಪಣಿಗಳ ನೆಲೆಗಳು ಸಿದ್ಧವಾಗುತ್ತಿವೆಯೆಂದು, ಸರ್ಕಾರ ಅದನ್ನು ಪ್ರಕಟಿಸುವುದಕ್ಕೆ ಮೊದಲೇ, ಸೆನೆಟ್ಟಿನಲ್ಲಿ ಸಾರಿದವರು ಅವರು. 1964ರ ಚುನಾವಣೆಯಲ್ಲಿ ರಾಬರ್ಟ್ ಕೆನಡಿಯವರಿಗೆ ಸೋತರು, ಕೆಲಕಾಲ ನ್ಯಾಯಾಧೀಶರಾಗಿದ್ದರು. 1969ರಲ್ಲಿ ಅಧ್ಯಕ್ಷ ನಿಕ್ಸನ್ ಅವರನ್ನು ಭಾರತಕ್ಕೆ ರಾಯಭಾರಿಯಾಗಿ ಕಳುಹಿಸಿದರು.

ಪರೀಕ್ಷಾಕಾಲವು 1971ರಲ್ಲಿ ಬಂದಿತು. ಮಾರ್ಚಿ 25ರ ರಾತ್ರಿ ಪಾಕಿಸ್ತಾನದ ಸೈನ್ಯ ಢಾಕಾ ನಗರದ ಮೇಲೆ ಬಿದ್ದು ಜನರನ್ನು ಕೊಲ್ಲತೊಡಗಿತು. ಅಲ್ಲಿದ್ದ ಅಮೆರಿಕದ ಪ್ರಧಾನ ಕಾನ್ಸಲ್ ಆರ್ಚರ್ ಬ್ಲಡ್ ಈ ವೃತ್ತಾಂತವನ್ನು ವಾಷಿಂಗ್ಟನ್ನಿಗೆ ಬರೆದರು. ನಾಲ್ಕೇ ದಿನಗಳಲ್ಲಿ ಕೀಟಿಂಗರು ದೆಹಲಿಯಿಂದ ತಂತಿ ಕಳುಹಿಸಿ, ಈ ಕ್ರೌರ್ಯವನ್ನು ಅಮೆರಿಕವು ಬಹಿರಂಗವಾಗಿ ಖಂಡಿಸಬೇಕೆಂದು ಒತ್ತಾಯಪಡಿಸಿದರು. ಸರ್ಕಾರ ಮೌನ ವಹಿಸಿತು. ಏಕೆಂದರೆ ಚೀನದೊಡನೆ ಗುಟ್ಟಾಗಿ ಸ್ನೇಹ ಬೆಳೆಸಲು ಆಗ ನಿಕ್ಸನ್ನರಿಗೆ ಪಾಕಿಸ್ತಾನವೇ ಸೇತುವೆಯಾಗಿದ್ದಿತು. ಇತ್ತ ನಿರಾಶ್ರಿತರು ಲಕ್ಷ ಲಕ್ಷವಾಗಿ ಭಾರತಕ್ಕೆ ಹರಿದುಬಂದರು. ಜೂನ್ ತಿಂಗಳಲ್ಲಿ ಕೀಟಿಂಗರು ವಾಷಿಂಗ್ಟನ್ನಿಗೆ ಹೋಗಿ, ಅಧ್ಯಕ್ಷರ ಎದುರಿನಲ್ಲಿಯೇ ಅವರ ಗೋಳನ್ನು ವಿವರಿಸಿದರು. ಡಿಸೆಂಬರಿನಲ್ಲಿ ಯುದ್ಧ ನಡೆದಿದ್ದಾಗ ಶ್ವೇತಭವನವು ಪತ್ರಕರ್ತರಿಗೆ ನೀಡಿದ ವಿವರಣೆ ನಿಜಸಂಗತಿಗೆ ಹೊಂದುವುದಿಲ್ಲವೆಂದೂ ತಂತಿ ಮೂಲಕ ಆಕ್ಷೇಪಿಸಿದರು.

ಇದರಿಂದ ರಾಜನೀತಿ ಬದಲಾಗಲಿಲ್ಲ. ಅಧ್ಯಕ್ಷರು ಅವರನ್ನು ಹಳಿದ ಮಾತುಗಳು ಮುಂದೆ ಬಹಿರಂಗವಾದ ಧ್ವನಿಮುದ್ರಣಗಳಲ್ಲಿ ಕೇಳಿಬಂದಿವೆ. 1972ರಲ್ಲಿ ದೆಹಲಿಯನ್ನು ಬಿಟ್ಟ ಕೀಟಿಂಗರು, 1973ರಲ್ಲಿ ಇಸ್ರೇಲಿಗೆ ರಾಯಭಾರಿಯಾಗಿ ಹೋಗಿ, ಅದೇ ಪದವಿಯಲ್ಲಿದ್ದಾಗಲೇ 1975ರಲ್ಲಿ ತೀರಿಕೊಂಡರು.

ಹಾಗಾದರೆ ಅವರ ಮಾತು ವ್ಯರ್ಥವಾಯಿತೆ? ಸಂಜಯನ ಮಾತೂ ಕುರುಕ್ಷೇತ್ರವನ್ನು ತಪ್ಪಿಸಲಿಲ್ಲ. ಆದರೂ ಧೃತರಾಷ್ಟ್ರನು, ತನಗೆ ಯಾರೂ ತಿಳಿಸಲಿಲ್ಲವೆಂದು ಹೇಳುವಂತಿರಲಿಲ್ಲ. ಆ ಆಶ್ರಯವನ್ನು ಅಧಿಕಾರಸ್ಥರಿಗೆ ಉಳಿಸದಿರುವುದೂ ರಾಯಭಾರಿಯ ಕರ್ತವ್ಯವೇ. ಕೀಟಿಂಗರ ತಂತಿಗಳು ಇಂದು ಇತಿಹಾಸದ ಸಾಕ್ಷ್ಯವಾಗಿ ಉಳಿದಿವೆ.