ಹ್ಯಾಮ್ ರೇಡಿಯೋ ಆಂಪ್ಲಿಫೈಯರ್‌ಗೆ ಫ್ಯೂಸ್ ಒಂದೇ ಸಾಕೇ? ಮಳೆಗಾಲಕ್ಕೆ ಮುನ್ನ ಇದನ್ನು ತಿಳಿದಿರಿ

ಠಾಕುರ್ಲಿ: ಡೊಂಬಿವಲಿ ಮತ್ತು ಕಲ್ಯಾಣ್ ನಡುವಿನ ಠಾಕುರ್ಲಿಯಂಥ ಕಡೆ ಹ್ಯಾಮ್ ರೇಡಿಯೋ ಹವ್ಯಾಸಿಗಳಿಗೆ ಆಂಟೆನಾ ಕಟ್ಟಲು ಸಿಗುವ ಜಾಗ ಬಹುತೇಕ ಕಟ್ಟಡದ ತಾರಸಿಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಮಳೆಯಲ್ಲಿ ನೆನೆಯುತ್ತದೆ. ಕೇಬಲ್‌ನ ಕನೆಕ್ಟರ್‌ಗೆ ನೀರಿಳಿದರೆ ಪೆಟ್ಟು ಬೀಳುವುದು ಮಾತ್ರ ಮನೆಯೊಳಗಿನ ಆಂಪ್ಲಿಫೈಯರ್‌ಗೆ.

ಹೇಗೆ ಅಂತೀರಾ? ಆಂಟೆನಾ ಸರಿಯಿಲ್ಲದಿದ್ದರೆ ಕಳುಹಿಸಿದ ಶಕ್ತಿಯ ಒಂದು ಪಾಲು ವಾಪಸ್ ಬರುತ್ತದೆ. ಇದರ ಅಳತೆಯೇ ಎಸ್‌ಡಬ್ಲ್ಯೂಆರ್. ಅದು 2 ಇದ್ದರೆ ಸುಮಾರು ಶೇ.11, 3 ಇದ್ದರೆ ಶೇ.25ರಷ್ಟು ಹಿಂದಿರುಗುತ್ತದೆ. ಭಾರತದಲ್ಲಿ ಜನರಲ್ ದರ್ಜೆಯ ಪರವಾನಗಿಗೆ ಇರುವ ಮಿತಿ 400 ವ್ಯಾಟ್. ಅಷ್ಟನ್ನು ಕಳುಹಿಸುವಾಗ ಎಸ್‌ಡಬ್ಲ್ಯೂಆರ್ 3 ಆದರೆ 100 ವ್ಯಾಟ್ ಮರಳಿ ಬಂದಂತೆ!

ಫ್ಯೂಸ್ ಇದೆಯಲ್ಲ ಎಂದು ಹಲವರು ನಿಶ್ಚಿಂತೆಯಿಂದಿರುತ್ತಾರೆ. ಆದರೆ ಫ್ಯೂಸ್ ತಂತಿ ಬಿಸಿಯಾಗಿ ಕರಗಲು ಸಮಯ ಬೇಕು, ಟ್ರಾನ್ಸಿಸ್ಟರ್ ಸಾಯಲು ಅಷ್ಟು ಸಮಯ ಬೇಕಿಲ್ಲ. ಫ್ಯೂಸ್ ಉಳಿಸುವುದು ವೈರಿಂಗ್ ಅನ್ನು, ಬೆಂಕಿ ತಗಲದಂತೆ. ಟ್ರಾನ್ಸಿಸ್ಟರ್ ಉಳಿಯಬೇಕಾದರೆ ಮರಳಿ ಬರುವ ಶಕ್ತಿಯನ್ನು ಅಳೆದು, ಮಿತಿ ಮೀರಿದ ಕೂಡಲೇ ಪ್ರಸಾರ ನಿಲ್ಲಿಸುವ ಸರ್ಕ್ಯೂಟ್ ಬೇಕು. ಪವರ್ ಟ್ರಾನ್ಸಿಸ್ಟರ್‌ಗೆ ಸಾವಿರಾರು ರೂಪಾಯಿ ತೆರಬೇಕಾಗುತ್ತದೆ. ಅದರ ಮುಂದೆ ಈ ಸರ್ಕ್ಯೂಟ್‌ನ ಖರ್ಚು ಏನೇನೂ ಅಲ್ಲ.

ಇನ್ನೊಂದು ಶತ್ರು ಅತಿಯಾದ ಇನ್‌ಪುಟ್. ಈಗಿನ ಎಲ್‌ಡಿಮಾಸ್ ಟ್ರಾನ್ಸಿಸ್ಟರ್‌ಗಳಿಗೆ ಕೆಲವೇ ವ್ಯಾಟ್ ಸಾಕು, ಸಾಮಾನ್ಯ ರೇಡಿಯೋ ಕೊಡುವುದು 100 ವ್ಯಾಟ್. ಪವರ್ ಕಡಿಮೆ ಇಟ್ಟಿದ್ದರೂ ಕೆಲವು ರೇಡಿಯೋಗಳು ಮಾತು ಶುರುವಾದ ಕ್ಷಣದಲ್ಲಿ ಪೂರ್ತಿ ಶಕ್ತಿಯನ್ನು ಒಮ್ಮೆ ಚಿಮ್ಮಿಸುತ್ತವೆ. ನಡುವೆ ಅಟೆನ್ಯುಯೇಟರ್ ಹಾಕುವುದೇ ಇದಕ್ಕೆ ಪರಿಹಾರ. ರಿಲೇ ಪೂರ್ತಿ ಕೂಡಿಕೊಂಡ ಮೇಲಷ್ಟೇ ಶಕ್ತಿ ಹರಿಯುವಂತೆ ಸೀಕ್ವೆನ್ಸರ್ ಇರಲಿ. ಫ್ಯಾನ್‌ನ ಧೂಳನ್ನೂ ಒರೆಸಿ.

2004ರ ಸುನಾಮಿ ವೇಳೆ ಪೋರ್ಟ್ ಬ್ಲೇರ್‌ನಿಂದ ಸಂದೇಶ ದಾಟಿಸಲು ಹ್ಯಾಮ್ ರೇಡಿಯೋ ನೆರವಾಗಿತ್ತು. ಸಂಪರ್ಕ ತೀರಾ ಬೇಕಾಗುವುದು ಇಂಥ ಕೆಟ್ಟ ದಿನಗಳಲ್ಲೇ. ಹಾಗಾಗಿ ಮೇ ತಿಂಗಳಲ್ಲೇ ತಾರಸಿಗೆ ಹತ್ತಿ, ಕನೆಕ್ಟರ್ ಬಿಚ್ಚಿ ನೋಡಿ. ಹಸಿರು ಕಿಲುಬು ಕಂಡರೆ ಬದಲಿಸಿ, ಮೇಲೆ ಸೆಲ್ಫ್ ಅಮಲ್ಗಮೇಟಿಂಗ್ ಟೇಪ್ ಸುತ್ತಿ. ಗುಡುಗು ಶುರುವಾಗುವ ಮೊದಲೇ ಆಂಟೆನಾ ಕೇಬಲ್ ಕಳಚಿಡಿ.

ವಾಲ್ವ್ ಆಂಪ್ಲಿಫೈಯರ್ ಇರುವವರು ಮಾತ್ರ ಮುಚ್ಚಳ ತೆಗೆಯುವಾಗ ಇನ್ನಷ್ಟು ಎಚ್ಚರ ವಹಿಸಬೇಕು. ಪ್ಲಗ್ ಕಿತ್ತ ನಂತರವೂ ಅದರ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಅದು ಪೂರ್ತಿ ಇಳಿದಿದೆ ಎಂದು, ಅಷ್ಟು ವೋಲ್ಟೇಜ್ ತಾಳುವ ಮೀಟರ್‌ನಿಂದ ಖಚಿತಪಡಿಸಿಕೊಳ್ಳುವವರೆಗೆ ಒಳಗೆ ಕೈ ಹಾಕಬೇಡಿ.